ಎರಡು ಒತ್ತಿದ ಲೋಕನಾಥ

ಕಾರಡ್ಕದಿಂದ ಕುಂಬ್ಡಾಜೆಯ ತನಕ ಲೋಕನಾಥನ ಮುಖ ಗೊತ್ತಿಲ್ಲದವರು ಸಿಕ್ಕಿಯಾರು, ಅವನ ಸ್ವರ ಗೊತ್ತಿಲ್ಲದವರು ಸಿಗಲಾರರು. ಗೆಳೆಯ ಸಮದ ಓಡಿಸುವ ಜೀಪಿನ ಮುಂದಿನ ಸೀಟಿನಲ್ಲಿ ಕೂತು, ಮೈಕನ್ನು ಬಾಯಿಗೆ ಹಿಡಿದು, ಊರಿನಲ್ಲಿ ನಡೆಯುವ ಸಕಲವನ್ನೂ ಸಾರುವುದು ಅವನ ಉದ್ಯೋಗ. ವಾಲಿಬಾಲ್ ಪಂದ್ಯಾಟ, ಉಚಿತ ಕಣ್ಣಿನ ತಪಾಸಣೆ, ಕರೆಂಟು ಇಲ್ಲದ ದಿನ, ಹೊಸ ಬಟ್ಟೆ ಅಂಗಡಿ, ಎಲ್ಲದಕ್ಕೂ ಒಂದೇ ಗಾಂಭೀರ್ಯ. ಚುನಾವಣೆ ಬಂದರೆ ಬೆಳಿಗ್ಗೆ ಒಂದು ಪಕ್ಷವನ್ನು ಗೆಲ್ಲಿಸಿ ಎಂದು ಕರೆ ಕೊಟ್ಟ ಬಾಯಿಯೇ ಮಧ್ಯಾಹ್ನ ಊಟ ಮಾಡಿ ಇನ್ನೊಂದನ್ನು ಗೆಲ್ಲಿಸಿ ಎಂದು ಕರೆ ಕೊಡುತ್ತಿತ್ತು. ಎರಡೂ ಕಡೆಯವರು ಅವನನ್ನು ನಂಬುತ್ತಿದ್ದರು.

ಇಂಥ ಲೋಕನಾಥನಿಗೆ ಐವತ್ತು ದಾಟಿದ ಮೇಲೆ ಒಂದು ಆಸೆ ಹುಟ್ಟಿಕೊಂಡಿತು. ತನಗೊಂದು ಸನ್ಮಾನ ಆಗಬೇಕು. ಅತಿಯಾಸೆ ಎನ್ನುವಂತಿಲ್ಲ; ಈ ಊರುಗಳಲ್ಲಿ ಸನ್ಮಾನ ಆಗದೆ ಉಳಿದವರೇ ಕಡಿಮೆ. ಪೋಸ್ಟ್‌ಮ್ಯಾನಿಗೆ ಆಗಿದೆ, ಬಸ್ ಕಂಡಕ್ಟರನಿಗೆ ಆಗಿದೆ, ಹಾವು ಹಿಡಿಯಲು ಹೋಗಿ ಕಚ್ಚಿಸಿಕೊಂಡವನಿಗೆ ಎರಡೆರಡು ಸಲ ಆಗಿದೆ. ಅವರೆಲ್ಲರ ಹೆಸರಿಗೂ ಹಿಂದೆ ಮುಂದೆ ವಿಶೇಷಣ ಸೇರಿಸಿ, ಗುಡ್ಡೆಗುಡ್ಡೆಗೆ ಕೇಳುವ ಹಾಗೆ ಕೂಗಿದವನು ಲೋಕನಾಥ. ಆದರೆ ಲೋಕನಾಥ ಎಂಬ ಹೆಸರು ಮೈಕಿನಿಂದ ಹೊರಟದ್ದನ್ನು ಯಾರೂ ಕೇಳಿಲ್ಲ. ಅವನೇ ಹೇಳಿಕೊಳ್ಳಬಹುದಿತ್ತಲ್ಲ ಎಂದರೆ, ಅದು ಅಡುಗೆ ಭಟ್ಟರು ಮೊದಲ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕೂತ ಹಾಗೆ. ತನ್ನ ಹೆಸರು ಬೇರೊಬ್ಬರ ಬಾಯಿಂದ, ಮೈಕಿನಲ್ಲಿ, ದೊಡ್ಡದಾಗಿ ಬರಬೇಕು. ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಮೇಲಿನ ಮಾತು. ಈ ಆಸೆ ಹೆಂಡತಿ ಪ್ರಫುಲ್ಲಾಳಿಗೂ ಗೊತ್ತಿರಲಿಲ್ಲ. ಸಮದನಿಗೆ ಮಾತ್ರ ಗೊತ್ತಿತ್ತು, ಅದೂ ಲೋಕನಾಥ ಹೇಳಿದ್ದರಿಂದಲ್ಲ. ಯಾರದಾದರೂ ಸನ್ಮಾನದ ಪ್ರಚಾರ ಮುಗಿಸಿದ ದಿನ ಲೋಕನಾಥ ಹೊಟೇಲಿನಲ್ಲಿ ಚಾ ಮುಟ್ಟದೆ ಕೂರುತ್ತಿದ್ದುದನ್ನು ಸಮದ ಕಂಡಿದ್ದ.

ಬೇಕಾದ್ದನ್ನು ಬಾಯಿಬಿಟ್ಟು ಕೇಳಬೇಕು ಎಂಬುದು ಬೇರೆ ಊರಿನ ನ್ಯಾಯ. ಇಲ್ಲಿ ಯಾರ ಮನೆಗೆ ಹೋದರೂ, ಚಾ ಕುಡಿಯುವ ಎಂದು ಮನೆಯವರು ಕರೆದರೆ, ಬೇಡ ಈಗಷ್ಟೇ ಆಯ್ತು ಎನ್ನಬೇಕು. ಎರಡನೆಯ ಸಲ ಕೇಳಿದಾಗ, ಸುಮ್ಮನೆ ನಿಮಗೆ ತೊಂದರೆ ಎನ್ನಬೇಕು. ಮೂರನೆಯ ಸಲಕ್ಕೆ ಮಾತಾಡಬಾರದು, ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದು ಕೂರಬೇಕು. ಒಳಗಿದ್ದವರು ಹಾಲು ಬಿಸಿಗಿಡುತ್ತಾರೆ. ಮೊದಲ ಸಲಕ್ಕೇ ಆಗಬಹುದು ಎಂದವನನ್ನು, ಪಾಪ ಗಲ್ಫಿನಲ್ಲಿದ್ದು ಬಂದವನು ಎಂದು ಕ್ಷಮಿಸುತ್ತಾರೆ. ಲೋಕನಾಥ ಈ ವಿದ್ಯೆಯಲ್ಲಿ ಊರಿಗೇ ಗುರು. ಒಮ್ಮೆ ಮದುವೆ ಊಟದಲ್ಲಿ ಹೋಳಿಗೆಗೆ ಎರಡು ಸಲ ಬೇಡ ಎಂದ. ಬಡಿಸುವವನು ಮೂರನೆಯ ಸಲ ಆ ಸಾಲಿಗೆ ಬರಲೇ ಇಲ್ಲ. ಲೋಕನಾಥ ಮನೆಗೆ ಬಂದು ಗಂಜಿ ಉಂಡ, ಯಾರನ್ನೂ ದೂರಲಿಲ್ಲ.

ಎರಡು ಸಾವಿರದ ಹದಿನಾಲ್ಕರಲ್ಲಿ ಉದಯರವಿ ಯುವಕ ವೃಂದಕ್ಕೆ ಐವತ್ತು ತುಂಬಿತು. ವೃಂದಕ್ಕೆ ಐವತ್ತು, ಅದರ ಯುವಕರಿಗೆ ಎಪ್ಪತ್ತು. ಅಧ್ಯಕ್ಷರಾದ ಗೌರೀಶಂಕರ ಮಾಸ್ಟ್ರು ಏಳು ಮಂದಿ ಸಾಧಕರನ್ನು ಸನ್ಮಾನಿಸುವುದೆಂದು ಸಾರಿದರು. ಒಪ್ಪಿಸಲು ಮನೆಮನೆಗೆ ಹೋಗುವವರು ಯಾರು ಎಂಬಲ್ಲಿ ಸಭೆ ನಿಂತಿತು. ಒಬ್ಬೊಬ್ಬ ಸಾಧಕ ಮೂರು ಸಲ ಬೇಡ ಎನ್ನುವಷ್ಟರಲ್ಲಿ ಸಮಿತಿಯವರು ಮೂರು ಸಲ ಚಾ ಕುಡಿದಿರಬೇಕು. ಸಮಿತಿಯ ಅರ್ಧ ಮಂದಿಗೆ ಸಕ್ಕರೆ ಕಾಯಿಲೆ.

ಆಗ ಮಾಸ್ಟ್ರಿಗೆ ತಂಗಿಯ ಮಗಳು ರಶ್ಮಿತಾಳ ನೆನಪಾಯಿತು. ಮಂಜೇಶ್ವರದಿಂದ ದಿನಾ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಕಂಪ್ಯೂಟರ್ ಕಂಪೆನಿಯೊಂದರಲ್ಲಿ ದುಡಿಯುವ ಹುಡುಗಿ. ಮನುಷ್ಯನ ತಲೆ ಹೇಗೆ ಯೋಚಿಸುತ್ತದೆ ಎಂದು ಮೊದಲು ನೋಡಿ, ಆಮೇಲೆ ಅದಕ್ಕೆ ತಕ್ಕ ಹಾಗೆ ಕಂಪ್ಯೂಟರಿಗೆ ಬುದ್ಧಿ ತುಂಬುವುದು ಅವಳು ಓದಿದ ಶಾಸ್ತ್ರ. ಅವಳು ತಾನಾಗಿ ಫೋನ್ ಮಾಡಿ ಒಪ್ಪಿಗೆ ಕೇಳುವ ಒಂದು ಮಿಷನ್ ಮಾಡಿಕೊಟ್ಟಳು. ಒಂದು ಪ್ರಶ್ನೆ, ಎರಡು ಉತ್ತರ, ಅಷ್ಟೇ. ಮನುಷ್ಯನ ನೆನಪಿನಲ್ಲಿ ಒಮ್ಮೆಗೆ ನಾಲ್ಕೈದು ಸಂಗತಿಗಿಂತ ಹೆಚ್ಚು ನಿಲ್ಲುವುದಿಲ್ಲವಂತೆ, ತಲೆಗೆ ಭಾರ ಹೇರಬಾರದಂತೆ. ಸಮಿತಿಯವರು ಇದನ್ನು ಕೇಳಿ ತಲೆದೂಗಿದರು. ಅವರ ತಲೆಯಲ್ಲಿ ನಾಲ್ಕೈದು ನಿಲ್ಲುತ್ತಿದ್ದುದೂ ಸಂಶಯವೇ.

ಫೋನ್ ಬಂದಾಗ ಲೋಕನಾಥ ಸಮದನ ಜೊತೆ ಹೊಟೇಲಿನಲ್ಲಿದ್ದ. ಪಾಠ ಪುಸ್ತಕದ ಕನ್ನಡದಲ್ಲಿ ಒಂದು ಹೆಣ್ಣು ಸ್ವರ ಹೇಳಿತು: "ಉದಯರವಿ ಯುವಕ ವೃಂದವು ತಮ್ಮನ್ನು ಸನ್ಮಾನಿಸಲು ಬಯಸುತ್ತದೆ. ಒಪ್ಪಿಗೆ ಇದ್ದಲ್ಲಿ ಒಂದನ್ನು ಒತ್ತಿ. ಇಲ್ಲದಿದ್ದಲ್ಲಿ ಎರಡನ್ನು ಒತ್ತಿ."

ಲೋಕನಾಥ ಕೂತಲ್ಲಿಂದ ಅರ್ಧ ಎದ್ದ. ಅಷ್ಟು ಸಂತೋಷದಲ್ಲಿ ಮರ್ಯಾದಸ್ಥನೊಬ್ಬ ಏನು ಮಾಡಬೇಕೋ ಅದನ್ನೇ ಮಾಡಿದ. ಎರಡು ಒತ್ತಿದ.

"ತಮ್ಮ ಅಭಿಪ್ರಾಯವನ್ನು ದಾಖಲಿಸಲಾಗಿದೆ. ಧನ್ಯವಾದಗಳು."

ಅವನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಎದುರಿನ ಚಾದ ಮೇಲೆ ಕೆನೆ ಕಟ್ಟಿತು.

"ಎಂತ ಮಾರಾಯ, ಯಾರದ್ದು?" ಸಮದ ಕೇಳಿದ.

"ಸನ್ಮಾನ ಉಂಟಂತೆ ನನಗೆ."

"ನೀನು ಎಂತ ಹೇಳಿದ್ದು?"

"ಬೇಡ ಅಂತ ಒತ್ತಿದೆ."

"ಮತ್ತೆಂತ ಹೆದರಿಕೆ? ಇನ್ನು ಪುನಃ ಕೇಳ್ತಾರಲ್ಲ" ಎಂದ ಸಮದ. ಅವನೂ ಇದೇ ಊರಿನ ನೀರು ಕುಡಿದವನು. ಇಬ್ಬರೂ ನಿಶ್ಚಿಂತೆಯಿಂದ ಬಿಲ್ಲು ಕೊಟ್ಟು ಎದ್ದರು.

ಪುನಃ ಯಾರೂ ಕೇಳಲಿಲ್ಲ. ಏಳು ಮಂದಿಯಲ್ಲಿ ಆರು ಮಂದಿ ಎರಡು ಒತ್ತಿದ್ದರು. ಒಂದು ಒತ್ತಿದವನು ತೆಂಗಿನಕಾಯಿ ಕೀಳುವ ಕುಂಞ ಒಬ್ಬನೇ, ಅದೂ ಗ್ಯಾಸ್ ಬುಕ್ಕಿಂಗಿನ ಫೋನ್ ಎಂದು ತಿಳಿದು. ಯಾರಾದರೂ ಬೇಡ ಎಂದರೆ ಒಪ್ಪಿದವರಿಗೇ ಆ ಸನ್ಮಾನವನ್ನೂ ಕೇಳಬೇಕು ಎಂದು ರಶ್ಮಿತಾ ಮಿಷನಿಗೆ ಹೇಳಿಕೊಟ್ಟಿದ್ದಳು. ಅದು ಕುಂಞನಿಗೆ ಒಂದಾದ ಮೇಲೊಂದು ಫೋನ್ ಮಾಡಿತು. ಅವನು ಮರದ ತುದಿಯಲ್ಲಿ ಕೂತು ಎಲ್ಲದಕ್ಕೂ ಒಂದು ಒತ್ತಿದ. ಹೀಗೆ ಕೃಷಿರತ್ನ, ಕ್ರೀಡಾರತ್ನ, ಆದರ್ಶ ಗೃಹಿಣಿ ಸೇರಿ ಏಳೂ ಸನ್ಮಾನ ಕುಂಞನ ಪಾಲಾಯಿತು. ಇಷ್ಟೊಂದು ಸಿಲಿಂಡರ್ ಎಲ್ಲಿಡುವುದೆಂದು ಅವನು ಹಟ್ಟಿಯ ಒಂದು ಮೂಲೆ ಖಾಲಿ ಮಾಡಿದ.

ಗೌರೀಶಂಕರ ಮಾಸ್ಟ್ರು ತಲೆಗೆ ಕೈ ಹೊತ್ತರು. ರಶ್ಮಿತಾ ಮಾತ್ರ ಹಿಗ್ಗಿದಳು. ಇಂಥ ತಪ್ಪನ್ನು ಪುಸ್ತಕದಲ್ಲೂ ಕಂಡಿರಲಿಲ್ಲ. ಬೇಡ ಎನ್ನುವುದನ್ನು ಸರಿಯಾಗಿ ಬಲ್ಲ ಒಬ್ಬ ಮನುಷ್ಯ ಬೇಕು, ಕೂತು ಅಭ್ಯಾಸ ಮಾಡಬೇಕು ಎಂದಳು. ಮಾಸ್ಟ್ರು ಯೋಚಿಸಲೇ ಇಲ್ಲ. ಆದಿತ್ಯವಾರ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿ ಲೋಕನಾಥನ ಅಂಗಳದಲ್ಲಿ ಇಳಿಸಿದರು.

"ಲೋಕಣ್ಣ, ತಪ್ಪು ನಿಮ್ಮದಲ್ಲ, ಮಿಷನಿನದ್ದು" ಎಂದಳು ರಶ್ಮಿತಾ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು. "ಮನುಷ್ಯ ಯಾವುದೇ ಮಿಷನ್ ಮುಟ್ಟುವಾಗ ಅವನ ತಲೆಯೊಳಗೆ ಅದರದ್ದೊಂದು ಚಿತ್ರ ಇರ್ತದೆ. ಕುಂಞಣ್ಣನ ತಲೆಯಲ್ಲಿ ಇದ್ದದ್ದು ಗ್ಯಾಸಿನ ಚಿತ್ರ. ನಿಮ್ಮ ತಲೆಯಲ್ಲಿ ಇದ್ದದ್ದು ಚಾ ಕೊಡುವ ಮನೆಯ ಚಿತ್ರ. ಮಿಷನ್ ಮಾಡುವಾಗ ನನ್ನ ತಲೆಯಲ್ಲಿ ಇದ್ದದ್ದು ಪರೀಕ್ಷೆಯ ಚಿತ್ರ, ಸರಿ ಇಲ್ಲವೇ ತಪ್ಪು. ಮೂರೂ ಒಂದಕ್ಕೊಂದು ಕೂಡಿ ಬರಲಿಲ್ಲ."

"ಹಾಗಾದ್ರೆ ನನ್ನ ತಲೆ ಸರಿ ಉಂಟಾ?"

"ಸರಿಯೇ ಉಂಟು. ಇನ್ನು ಮಿಷನಿನ ತಲೆಯನ್ನು ನಿಮ್ಮದರ ಹಾಗೆ ಮಾಡ್ಬೇಕು."

"ಅದೊಂದು ಕಮ್ಮಿ ಇತ್ತು" ಎಂದು ಒಳಗಿನಿಂದ ಪ್ರಫುಲ್ಲಾ ಹೇಳಿದ್ದು ಕೇಳಿಸಿತು. ಅವಳೇ ಹೊರಗೆ ಬಂದು ಚಾ ಮಾಡಲಾ ಎಂದು ಕೇಳಿದಳು. ರಶ್ಮಿತಾ ಬೇಡಕ್ಕ ಎಂದಳು, ಇನ್ನೊಮ್ಮೆಯೂ ಬೇಡ ಎಂದಳು, ಆಮೇಲೆ ಹಿಂದಕ್ಕೆ ಸರಿದು ಕೂತಳು. ಇದನ್ನು ಅವಳು ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳಲಿಲ್ಲ, ಯಾಕೆಂದರೆ ಅವಳಿಗೇ ಗೊತ್ತಾಗಿರಲಿಲ್ಲ.

"ಈಗ ಹೇಳಿ ಲೋಕಣ್ಣ, ಮರ್ಯಾದೆಯ ಬೇಡ ಯಾವುದು, ನಿಜವಾದ ಬೇಡ ಯಾವುದು?"

"ಅದು ಕೇಳುವವರಿಗೆ ಗೊತ್ತಾಗ್ತದೆ."

"ಮಿಷನಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಒಂದು ಲೆಕ್ಕ ಬೇಕು."

ಲೋಕನಾಥ ಗಲ್ಲ ಕೆರೆದುಕೊಂಡ. ಉಸಿರಾಡುವುದು ಹೇಗೆ ಎಂದು ಕೇಳಿದರೆ ಯಾರಿಗಾದರೂ ಕಷ್ಟವೇ. "ಮೂರು ಸಲ ಕೇಳಿದ ಮೇಲೂ ಬೇಡ ಹೇಳಿದ್ರೆ ಅದು ಬೇಡವೇ" ಎಂದ ಕೊನೆಗೆ.

ರಶ್ಮಿತಾಳ ಬೆರಳು ಟಕಟಕ ಓಡಿತು. "ಉದಾಹರಣೆಗೆ ನಿಮ್ಮನ್ನೇ ಕೇಳ್ತೇನೆ. ನಿಮಗೆ ಸನ್ಮಾನ ಬೇಕಾ?"

"ಛೆ ಛೆ, ನನಗೆಂತಕ್ಕೆ."

ಚಾ ಕುಡಿಯುವಾಗ ಅವಳು ಮತ್ತೆ ಕೇಳಿದಳು. ಬೇಡಪ್ಪ ಎಂದ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, "ಹಾಗಾದ್ರೆ ನಿಮ್ಮದು ಬೇಡ ಅಂತಲೇ ಹಾಕಲಾ?" ಎಂದಳು.

"ಹಾಕಿ ಹಾಕಿ" ಎಂದು ಲೋಕನಾಥ ನಕ್ಕ. ಇದೆಲ್ಲ ಮಿಷನಿಗೆ ಪಾಠ ಹೇಳಿಕೊಡುವ ಆಟ ಎಂದು ಅವನು ತಿಳಿದಿದ್ದ. ಚಪ್ಪಲಿ ಮೆಟ್ಟುತ್ತಾ ಕೇಳಿದ್ದನ್ನು ಯಾರಾದರೂ ಕೇಳಿದ್ದು ಎನ್ನುತ್ತಾರೆಯೇ? ಕೇಳುವುದೆಂದರೆ ಎದುರು ಕೂತು, ಕೈ ಹಿಡಿದು, ಬಿಡದೆ ಕೇಳುವುದು. ಆದರೆ ಅವನೇ ಹಾಕಿಕೊಟ್ಟ ಲೆಕ್ಕದ ಪ್ರಕಾರ ಮೂರು ಬೇಡ ಮುಗಿದಿತ್ತು. ರಶ್ಮಿತಾ ಒಳ್ಳೆಯ ಮನಸ್ಸಿನಿಂದಲೇ, ಪಾಪ ಇವರಿಗೆ ನಿಜವಾಗಿಯೂ ಬೇಡ ಎಂದುಕೊಂಡು, ಅವನ ನಂಬರನ್ನು ಮಿಷನಿನಿಂದ ತೆಗೆದುಬಿಟ್ಟಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ.

ಇಷ್ಟಕ್ಕೇ ಮುಗಿಯಲಿಲ್ಲ. ಗುರುತಿಲ್ಲದ ಸ್ವರವನ್ನು ಮನಸ್ಸು ನಂಬುವುದಿಲ್ಲ, ದಿನಾ ಕೇಳಿದ ಸ್ವರವನ್ನು ನಂಬುತ್ತದೆ ಎಂಬ ಇನ್ನೊಂದು ಸಿದ್ಧಾಂತ ಅವಳ ಬಳಿ ಇತ್ತು. ಆದ್ದರಿಂದ ಮಿಷನಿಗೆ ಸ್ವರವೂ ಲೋಕನಾಥನದ್ದೇ ಆಯಿತು. ಒಂದು ಕೋಣೆಯಲ್ಲಿ ಕೂತು ಅವನು ರೆಕಾರ್ಡಿಗೆ ಹೇಳಿದ: "ಸನ್ಮಾನ ಒಪ್ಪಬೇಕು." ಎರಡನೆಯದು: "ನೀವು ಹಾಗೆ ಹೇಳಿದ್ರೆ ಹೇಗೆ ಮಾರಾಯ್ರೇ?" ಮೂರನೆಯದು: "ನೀವಲ್ಲದೆ ಮತ್ತೆ ಯಾರಿಗೆ? ನೀವು ಒಪ್ಪದಿದ್ರೆ ನಮಗೆ ಬೇಜಾರಾಗ್ತದೆ." ಮೂರನೆಯದನ್ನು ಯಾರೂ ಕೇಳದೆಯೇ ಇನ್ನೊಮ್ಮೆ ಹೇಳಿದ. ಯಾರಾದರೂ ತನಗೆ ಹೇಳಲಿ ಎಂದು ಕಾದಿದ್ದ ಮಾತು ಅದು. ಎಷ್ಟು ಚೆಂದ ಬಂತು ಎಂದು ರಶ್ಮಿತಾ ಹೊಗಳಿದಳು.

ಹೊಸ ಮಿಷನ್ ಊರನ್ನು ಹಿಡಿದು ಅಲ್ಲಾಡಿಸಿತು. ಲೋಕನಾಥನ ಮಾತಿಗೆ ಬೇಡ ಎನ್ನುವ ಎದೆ ಯಾರಿಗುಂಟು? ಒಬ್ಬೊಬ್ಬರೇ ಎರಡು ಒತ್ತಿ, ಇನ್ನೊಮ್ಮೆ ಎರಡು ಒತ್ತಿ, ಕೊನೆಗೆ ಒಂದು ಒತ್ತಿದರು. ಒತ್ತಿದ್ದು ಸಾಲದೆಂದು ಅವನ ಮನೆಗೂ ಬಂದು, ನೀವು ಅಷ್ಟು ಹೇಳಿದ ಮೇಲೆ ಎಂದು ಕೈಮುಗಿದು ಹೋದರು. ನಿಜವಾಗಿಯೂ ಬೇಡವಾಗಿದ್ದವಳು ವಸುಮತಿ ಒಬ್ಬಳೇ. ಊರಿನ ಅರ್ಧ ಮಕ್ಕಳ ಹೆರಿಗೆ ಮಾಡಿಸಿದ ಮುದುಕಿ, ಶಾಲು ಹೊದ್ದರೆ ಅವಳ ಕುತ್ತಿಗೆ ತುರಿಸುತ್ತಿತ್ತು. ಅವಳು ಫೋನಿನ ಜೊತೆ ಜಗಳವಾಡಿದಳು. ಫೋನು, ನೀವು ಹಾಗೆ ಹೇಳಿದ್ರೆ ಹೇಗೆ ಮಾರಾಯ್ರೇ ಎಂದಿತು. ಮರುದಿನ ಕೋಲೂರಿಕೊಂಡು ಅಂಗಳಕ್ಕೆ ಬಂದು, "ನಿನ್ನ ಕಾಟ ತಡೆಯಲಾಗದೆ ಒಂದು ಒತ್ತಿದೆ, ಸಮಾಧಾನ ಆಯ್ತಾ?" ಎಂದು ಬೈದು, ಚಾ ಕುಡಿಯದೆ ಹೋದಳು.

ಎಲ್ಲರಿಗೂ ಲೋಕನಾಥನ ಫೋನ್ ಬಂತು, ಲೋಕನಾಥನಿಗೆ ಮಾತ್ರ ಬರಲಿಲ್ಲ. ಅವನು ಫೋನನ್ನು ಬಚ್ಚಲಿಗೂ ಒಯ್ದ. ಪ್ರಚಾರದ ನಡುವೆ ಮೈಕ್ ಬದಲು ಫೋನನ್ನು ಬಾಯಿಗೆ ಹಿಡಿದದ್ದೂ ಉಂಟು. ಸಮದ ಎಲ್ಲ ನೋಡುತ್ತಿದ್ದ, ಏನೂ ಕೇಳುತ್ತಿರಲಿಲ್ಲ. ಕೇಳಿದರೆ ಇವನು ಎಂತದೂ ಇಲ್ಲ ಎನ್ನುತ್ತಾನೆಂದು ಗೊತ್ತಿತ್ತು.

ಕಾರ್ಯಕ್ರಮದ ಹಿಂದಿನ ದಿನ ಮಾಸ್ಟ್ರು ಪ್ರಚಾರದ ಚೀಟಿ ಕೊಟ್ಟರು. "ಲೋಕಣ್ಣ, ನೀವು ಮೂರು ಸಲವೂ ಬೇಡ ಹೇಳಿದ್ರಂತೆ. ಎಂಥ ದೊಡ್ಡ ಮನಸ್ಸು! ಈ ಕಾಲದಲ್ಲಿ ಯಾರಿಗುಂಟು?" ಎಂದು ಅವನ ಬೆನ್ನು ತಟ್ಟಿದರು. ಲೋಕನಾಥನಿಗೆ ಆಗ ಗೊತ್ತಾಯಿತು. ಚಪ್ಪಲಿ ಮೆಟ್ಟುತ್ತಾ ಕೇಳಿದ್ದೂ ಲೆಕ್ಕಕ್ಕೆ ಹೋಗಿತ್ತು. "ಅದೆಲ್ಲ ಎಂತ ದೊಡ್ಡದು" ಎಂದು ಚೀಟಿ ಮಡಚಿ ಜೇಬಿಗಿಟ್ಟುಕೊಂಡ.

ಜೀಪು ಕುಂಬ್ಡಾಜೆಯ ಕಡೆ ಹೊರಟಿತು. "ಬಂಧುಗಳೇ, ನಾಳೆ ಆದಿತ್ಯವಾರ ಸಂಜೆ ಉದಯರವಿ ಯುವಕ ವೃಂದದ ಸುವರ್ಣ ಮಹೋತ್ಸವ. ಸೂಲಗಿತ್ತಿ ಸೇವಾರತ್ನ ಶ್ರೀಮತಿ ವಸುಮತಿ. ವೃಕ್ಷಾರೋಹಣ ರತ್ನ ಶ್ರೀ ಕುಂಞ." ಒಂದೊಂದೇ ಹೆಸರನ್ನು ಅವನು ಎಂದಿನಂತೆ ಎತ್ತಿ, ತೂಗಿ, ಇಳಿಸಿದ. ಕುಂಬ್ಡಾಜೆಯ ಜಂಕ್ಷನಿನಲ್ಲಿ ಕೊನೆಯ ಸಾಲಿಗೆ ಬಂದ. "ಮೈಕಿನ ಮೂಲಕ ಊರಿಗೆ ದೀರ್ಘಕಾಲ ಸೇವೆ ಸಲ್ಲಿಸಿದ್ದಕ್ಕಾಗಿ ಸ್ವರಸೇವಾ ರತ್ನ..."

ಅಲ್ಲಿಯೂ ಕುಂಞನ ಹೆಸರೇ ಇತ್ತು. ಬಿಟ್ಟುಹೋದ ಸನ್ಮಾನ ಒಪ್ಪಿದವರಿಗೆ ಹೋಗಬೇಕು ಎಂಬ ಹಳೆಯ ಪಾಠವನ್ನು ಮಿಷನ್ ಮರೆತಿರಲಿಲ್ಲ. ಇಡೀ ದಿನ ಮರದ ಮೇಲಿದ್ದು ಕಾಗೆಯ ಜೊತೆಗೂ ಮಾತಾಡದ ಕುಂಞ!

ಮೈಕು ಸ್ವಲ್ಪ ಹೊತ್ತು ಗೊರಗೊರ ಎಂದಿತು. ಅಂಗಡಿಗಳಿಂದ ಜನ ಕತ್ತು ಹೊರಗೆ ಹಾಕಿ ನೋಡಿದರು. ಆಮೇಲೆ ಲೋಕನಾಥನ ಗಂಭೀರ ಸ್ವರ ಬಂತು: "ಬಂಧುಗಳೇ, ಒಂದು ವಿಶೇಷ ಪ್ರಕಟಣೆ. ಕಾರಡ್ಕದ ಅನೌನ್ಸರ್ ಒಬ್ಬರಿಗೆ ಸನ್ಮಾನ ಬೇಕಾಗಿದೆ ಎಂದು ತಿಳಿಸಲು ವಿಷಾದಿಸುತ್ತೇವೆ. ಅವರು ಈ ಹಿಂದೆ ಬೇಡ ಎಂದು ಹೇಳಿದ್ದನ್ನು ಸಾರ್ವಜನಿಕರು ನಂಬಬಾರದಾಗಿ ವಿನಂತಿ."

ಸಮದ ಬ್ರೇಕ್ ಹಾಕಿ, ಎಂಜಿನ್ ಆಫ್ ಮಾಡಿದ, ಸರಿಯಾಗಿ ಕೇಳಲಿ ಎಂದು.

"ನನಗೆ ಬೇಕಿತ್ತು ಮಾರಾಯ್ರೇ" ಎಂದ ಲೋಕನಾಥ. ಈ ಸಲ ಅದು ಪ್ರಚಾರದ ಸ್ವರವಾಗಿರಲಿಲ್ಲ. "ಭಾರೀ ಬೇಕಿತ್ತು. ನಿಮ್ಮೆಲ್ಲರ ಹೆಸರು ಹೇಳಿದೆ ನಾನು. ನನ್ನದೊಂದು ಯಾರಾದ್ರೂ ಹೇಳಿದ್ರೆ ಎಂತ ಹೋಗ್ತಿತ್ತು?"

ಜೀಪಿನ ಸುತ್ತ ಜನ ಕೂಡಿದರು. ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಬಸ್ಸಿಗೆ ಕಾಯುತ್ತಿದ್ದ ವಸುಮತಿ ಕೋಲೂರಿಕೊಂಡು ಮುಂದೆ ಬಂದಳು. ಎಲ್ಲಿಂದಲೋ ತೆಂಗಿನ ಮರದ ಮೇಲಿನಿಂದ ಕುಂಞ, "ನನ್ನದು ತೆಗೊಳ್ಳಿ ಲೋಕಣ್ಣ, ಗ್ಯಾಸ್ ಬರುವುದಿಲ್ಲಾದ್ರೆ ನನಗೆ ಒಂದೂ ಬೇಡ!" ಎಂದು ಕೂಗಿದ. ಆ ಬೇಡದಲ್ಲಿ ಮರ್ಯಾದೆಯ ಅಂಶ ಒಂದಿಷ್ಟೂ ಇರಲಿಲ್ಲ. ಮೈಕಿನ ಶಬ್ದ ಹಿಡಿದು ಮಾಸ್ಟ್ರೂ ರಶ್ಮಿತಾಳೂ ಸ್ಕೂಟರಿನಲ್ಲಿ ಬಂದು ಮುಟ್ಟಿದರು.

"ಅತ್ತು ಕರೆದು ಔತಣ ಹೇಳಿಸಿಕೊಂಡ ಹಾಗೆ ಆಯ್ತಲ್ಲ ಲೋಕಣ್ಣ" ಎಂದರು ಮಾಸ್ಟ್ರು, ಬೆವರು ಒರೆಸುತ್ತಾ. "ಬಾಯಿಬಿಟ್ಟು ಕೇಳಿದ ಮೇಲೆ ಅದು ಸನ್ಮಾನ ಆಗ್ತದಾ? ಇದಕ್ಕೆ ಸಮಿತಿ ಕೂರಬೇಕಾದೀತು."

ರಶ್ಮಿತಾಳ ಮುಖ ಬಾಡಿಹೋಗಿತ್ತು. "ತಪ್ಪು ನನ್ನದು ಮಾವ" ಎಂದಳು. "ಲೋಕಣ್ಣ ಬೇಡ ಹೇಗೆ ಹೇಳ್ತಾರೆ ಅಂತ ಅಷ್ಟು ಹೊತ್ತು ನೋಡಿದೆ, ಅವರ ಮುಖ ನೋಡ್ಲಿಲ್ಲ. ಲೋಕಣ್ಣ, ಮನೆಗೆ ಹೋಗಿ ಸರಿ ಮಾಡ್ತೇನೆ. ಸಂಜೆಯೊಳಗೆ ನಿಮಗೆ ಫೋನ್ ಬರ್ತದೆ, ಮೂರು ಸಲ ಕೇಳ್ತದೆ."

"ಯಾರ ಸ್ವರದಲ್ಲಿ? ಅವನದ್ದೇ ಸ್ವರದಲ್ಲಾ?" ಎಂದಳು ವಸುಮತಿ.

ಸಮದ ಡ್ರೈವರ್ ಸೀಟಿನಿಂದ ಕೈ ಚಾಚಿದ. "ಶಾಲಿನ ವಿಷಯಕ್ಕೆ ನೀವು ಮೀಟಿಂಗ್ ಮಾಡಿ ಮಾಸ್ಟ್ರೇ. ಆ ಮೈಕ್ ಇತ್ತ ಕೊಡು ಮಾರಾಯ" ಎಂದ.

ಲೋಕನಾಥ ಮೈಕ್ ಕೊಟ್ಟ. ಸಮದ ಏನು ಮಾಡಲಿದ್ದಾನೆಂದು ತಿಳಿದೊಡನೆ ಜೀಪಿನಿಂದ ಇಳಿದು, ಜನರನ್ನು ಸರಿಸಿಕೊಂಡು ದೂರದ ಬಸ್ ತಂಗುದಾಣದ ಕಡೆಗೆ ಬೇಗ ಬೇಗ ನಡೆದ. ಕೋಪ ಬಂದು ಹೊರಟ ಎಂದು ಕೆಲವರು ಭಾವಿಸಿದರು. ಹಾಗಲ್ಲ, ಜೀಪಿನ ಮೇಲಿನ ಹಾರ್ನ್ ಸ್ಪೀಕರಿನ ಬುಡದಲ್ಲಿ ನಿಂತರೆ ಮಾತು ಒಡೆದು ಕೇಳುತ್ತದೆ, ಅಷ್ಟು ದೂರ ಹೋದರೆ ಮಾತ್ರ ಸರಿಯಾಗಿ ಕೇಳುತ್ತದೆ. ಅಲ್ಲಿ ತಲುಪಿ, ತಿರುಗಿ, ಕೈಕಟ್ಟಿ ನಿಂತ.

ಸಮದ ಮೈಕನ್ನು ತೀರಾ ಹತ್ತಿರ ಹಿಡಿದದ್ದರಿಂದ ಮೊದಲು ಬರೀ ಉಸಿರು ಕೇಳಿತು. ಮನೆಯಲ್ಲಿ ಬ್ಯಾರಿ ಭಾಷೆ ಮಾತಾಡುವವನು, ಸಭೆಯ ಕನ್ನಡ ಅವನಿಗೆ ಒಗ್ಗದು, ವಿಶೇಷಣಗಳಂತೂ ಒಂದೂ ಬಾರವು. "ಬಂಧುಗಳೇ" ಎಂದು ನಿಲ್ಲಿಸಿದ. ಕೆಮ್ಮಿದ. "ಲೋಕನಾಥ" ಎಂದ. "ಕಾರಡ್ಕದ ಲೋಕನಾಥ. ನಮ್ಮ ಲೋಕನಾಥ."

ಹೆಸರು ಅಂಗಡಿಗಳ ಮೇಲಿಂದ ಹಾದು, ರಬ್ಬರ್ ತೋಟ ದಾಟಿ, ಎದುರಿನ ಗುಡ್ಡೆಗೆ ಬಡಿದು ತಿರುಗಿ ಬಂತು. ತಂಗುದಾಣದಲ್ಲಿ ನಿಂತವನು ಅಳುತ್ತಿದ್ದ, ಅಡಗಿಸುವ ಗೋಜಿಗೂ ಹೋಗಲಿಲ್ಲ.

"ಸಾಕಾ?" ಎಂದು ಸಮದ ಮೈಕಿನಲ್ಲೇ ಕೇಳಿದ.

ಎಲ್ಲರೂ ತಂಗುದಾಣದ ಕಡೆ ತಿರುಗಿದರು. ಲೋಕನಾಥ ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡು, ಮೈಕಿಲ್ಲದೆಯೂ ಇಡೀ ಜಂಕ್ಷನಿಗೆ ಕೇಳುವ ಹಾಗೆ ಕೂಗಿದ.

"ಸಾಕಾಗ್ಲಿಲ್ಲ ಮಾರಾಯ, ಇನ್ನೊಮ್ಮೆ ಹೇಳು!"